ಬೇರು ಬಲಿಯದ ಹಲ್ಲಿಗೆ ಮತ್ತೆ ರಕ್ತ ಹರಿಸುವುದು: ಡೆಂಟಲ್ ಕುರ್ಚಿಯ ಪಕ್ಕದಿಂದ

ಮೇಲಿನ ನಡುವಿನ ಬಾಚಿಹಲ್ಲು ಏಳೆಂಟನೇ ವರ್ಷಕ್ಕೆ ಬಾಯಲ್ಲಿ ಕಾಣಿಸಿಕೊಂಡರೂ ಅದರ ಬೇರು ಪೂರ್ತಿ ಬೆಳೆದು ತುದಿ ಮುಚ್ಚಿಕೊಳ್ಳಲು ಮತ್ತೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ಸೈಕಲ್ಲಿನಿಂದಲೋ ಶಾಲೆಯ ಮೆಟ್ಟಿಲಿನಿಂದಲೋ ಮಕ್ಕಳು ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವುದೂ ಈ ವಯಸ್ಸಿನಲ್ಲೇ. ಮುರಿದ ಜಾಗಕ್ಕೆ ಕಾಂಪೋಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಹಾಕಿಸಿಕೊಂಡು ಮನೆಯವರು ಮರೆತಿರುತ್ತಾರೆ. ತಿಂಗಳುಗಳ ಮೇಲೆ ವಸಡಿನಲ್ಲಿ ಸಣ್ಣದೊಂದು ಕೀವುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ಹೆಚ್ಚಿನ ಸಲ ಹಲ್ಲು ನಮ್ಮ ಕೈಗೆ ಸಿಗುವುದು ಆಗಲೇ.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಹಲ್ಲಿನ ಚಿಕಿತ್ಸೆಯನ್ನು: ಒಳಗಿನ ತಿರುಳು (ನರ, ರಕ್ತನಾಳಗಳಿರುವ ಮೆತ್ತನೆಯ ಅಂಗಾಂಶ) ಸತ್ತ ಮೇಲೆ ಬೇರಿನ ಕಾಲುವೆಯನ್ನು ಶುಚಿಗೊಳಿಸಿ, ಬೇರಿನ ತುದಿಯಿಂದ ಅದರೊಳಗೆ ರಕ್ತ ಹರಿಸಿ, ನಿಂತ ಬೇರು ಮತ್ತೆ ಬೆಳೆಯುವಂತೆ ನೋಡುವುದು. ಒಂಬತ್ತು ವರ್ಷದ ಹುಡುಗ, ಮೇಲಿನ ಬಲಗಡೆಯ ನಡುವಿನ ಬಾಚಿಹಲ್ಲು. ಎಕ್ಸ್-ರೇಯಲ್ಲಿ ಮೊದಲು ನೋಡುವುದು ಕೆಟ್ಟ ಹಲ್ಲನ್ನಲ್ಲ, ಅದರ ಜೋಡಿ ಹಲ್ಲನ್ನು. ಎಡಗಡೆಯದರ ಬೇರು ಉದ್ದವಾಗಿ, ಗೋಡೆ ದಪ್ಪವಾಗಿ, ತುದಿ ಕಿರಿದಾಗುತ್ತ ಬಂದಿದೆ. ಬಲಗಡೆಯದು ಏಟು ಬಿದ್ದ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಂತಿದೆ. ಗೋಡೆ ತೆಳು, ಒಳಗಿಗಿಂತ ತುದಿಯೇ ಅಗಲ, ತುದಿಯ ಸುತ್ತ ಮೂಳೆ ಕರಗಿದ ಕಪ್ಪು ನೆರಳು. ತಿರುಳು ಸತ್ತಿದೆ ಎನ್ನುವುದಕ್ಕೆ ಈ ಬೆಳವಣಿಗೆಯ ವ್ಯತ್ಯಾಸವೇ ನಂಬಿಕಸ್ತ ಗುರುತು. ತಿರುಳಿನ ಜೀವ ಪರೀಕ್ಷಿಸುವ ತಣ್ಣನೆಯ ಸ್ಪ್ರೇಯಾಗಲಿ ಕರೆಂಟ್ ಟೆಸ್ಟರ್ ಆಗಲಿ ಎಳೆಯ ಹಲ್ಲಿನಲ್ಲಿ ಕೈಕೊಡುತ್ತವೆ. ತಿರುಳಿನ ನರಜಾಲ ಪೂರ್ತಿ ಹರಡಿಕೊಳ್ಳುವುದೇ ಬೇರು ಬಲಿತ ಮೇಲೆ, ಹಾಗಾಗಿ ಆರೋಗ್ಯವಂತ ಹಲ್ಲೂ ಟೆಸ್ಟರಿಗೆ ಉತ್ತರ ಕೊಡದಿರಬಹುದು. ಬಣ್ಣ ಕಂದಿದೆ, ಟೆಸ್ಟಿಗೆ ಉತ್ತರವಿಲ್ಲ ಎಂದ ಮಾತ್ರಕ್ಕೆ ಹಲ್ಲು ಕೊರೆಯಲು ಹೊರಟರೆ, ತಾನಾಗಿಯೇ ಚೇತರಿಸಿಕೊಳ್ಳುತ್ತಿದ್ದ ತಿರುಳನ್ನು ನಾವೇ ಕಿತ್ತುಹಾಕಿದಂತಾಗುತ್ತದೆ. ತುದಿ ತೆರೆದಿರುವ ಹಲ್ಲಿಗೆ ಏಟು ಬಿದ್ದ ಮೇಲೂ ರಕ್ತ ಸಂಚಾರ ಮರಳುವ ಅವಕಾಶ ಚೆನ್ನಾಗಿಯೇ ಇರುತ್ತದೆ. ಕೀವುಗುಳ್ಳೆ, ಮೂಳೆಯ ನೆರಳು, ನಿಂತ ಬೆಳವಣಿಗೆ, ಕುಟ್ಟಿದರೆ ನೋವು, ಇವುಗಳಲ್ಲಿ ಕನಿಷ್ಠ ಎರಡು ಜೊತೆಯಾಗಿ ಸಿಗುವವರೆಗೆ ಕಾಯುತ್ತೇವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಲ್ಲಿ ಫ್ಲೋರೈಡ್ ಕಲೆ ಮೊದಲೇ ಇರುವುದರಿಂದ ಬಣ್ಣವನ್ನು ನಂಬುವುದು ಇನ್ನೂ ಕಷ್ಟ.

ಇನ್ನೊಂದು ಜಾಗದಲ್ಲೂ ದಾರಿ ತಪ್ಪುವುದುಂಟು. ತಿರುಳಿನ ಒಂದು ಭಾಗವಾದರೂ ಜೀವಂತವಿದ್ದರೆ ಈ ಚಿಕಿತ್ಸೆ ಬೇಡವೇ ಬೇಡ. ಬಿದ್ದು ತಿರುಳು ಹೊರಗೆ ಕಂಡ ಹಲ್ಲಿಗೆ, ಹುಳುಕು ಆಳಕ್ಕಿಳಿದ ಆರನೇ ವರ್ಷದ ದವಡೆಹಲ್ಲಿಗೆ, ಕೆಟ್ಟ ತಿರುಳನ್ನಷ್ಟೇ ಕತ್ತರಿಸಿ ತೆಗೆದು ಉಳಿದದ್ದರ ಮೇಲೆ ಎಂಟಿಎ ಅಥವಾ ಬಯೋಡೆಂಟಿನ್ ಎಂಬ ಹಲ್ಲಿನ ಸಿಮೆಂಟ್ ಹಾಕಿ ಮುಚ್ಚಿದರೆ ಸಾಕು. ತೆರೆದುಕೊಂಡ ತಿರುಳನ್ನು ಸುಮಾರು 2 ಮಿ.ಮೀ. ಆಳಕ್ಕೆ ಮಾತ್ರ ತೆಗೆಯುವ ಕ್ರಮವನ್ನು ಸ್ವೀಡನ್ನಿನ ಮಿಯೊಮಿರ್ ಸ್ವೆಕ್ 1978ರಲ್ಲೇ ತೋರಿಸಿಕೊಟ್ಟಿದ್ದಾರೆ. ಉಳಿದ ತಿರುಳು ಬೇರನ್ನು ತಾನೇ ಬೆಳೆಸುತ್ತದೆ, ಅದೂ ಹಲ್ಲಿನ ಗೋಡೆಯ ಗಟ್ಟಿ ಪದಾರ್ಥವಾದ ಅಸಲಿ ಡೆಂಟಿನ್‌ನಿಂದ. ನಾವು ಏನೇ ಮಾಡಿದರೂ ಅದರ ಸಮಕ್ಕೆ ಬರುವುದಿಲ್ಲ.

ಈ ಹುಡುಗನ ತಾಯಿಯ ಮೊದಲ ಮಾತು ಎಲ್ಲರದೇ: "ಡಾಕ್ಟ್ರೇ, ಒಂದ್ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬಿಡಿ, ಮತ್ತೆ ಮತ್ತೆ ಸ್ಕೂಲ್ ತಪ್ಸೋಕಾಗಲ್ಲ." ಮಾಮೂಲಿ ರೂಟ್ ಕೆನಾಲ್ ಇಲ್ಲಿ ಆಗುವುದಿಲ್ಲ. ತುದಿಯಲ್ಲಿ ತಡೆಯೇ ಇಲ್ಲದ ಕಡೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿದರೆ ಅದು ಮೂಳೆಗೆ ಜಾರುತ್ತದೆ. ತುದಿಗೆ 4-5 ಮಿ.ಮೀ. ಎಂಟಿಎ ಬಿರಡೆ ಹಾಕಿ ಮೇಲೆ ತುಂಬುವ ದಾರಿ ಇದೆ, ಒಳ್ಳೆಯ ದಾರಿಯೇ. ಆದರೆ ಗೋಡೆ ತೆಳುವಾಗಿದ್ದದ್ದು ತೆಳುವಾಗಿಯೇ ಉಳಿಯುತ್ತದೆ. ಹಿಂದೆ ಮಾಡುತ್ತಿದ್ದಂತೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಆಮೇಲೆ ಗಟ್ಟಾಪರ್ಚಾ ತುಂಬಿದ ಎಳೆಯ ಹಲ್ಲುಗಳಲ್ಲಿ ಕುತ್ತಿಗೆಯ (ತಲೆಭಾಗ ಬೇರಿಗೆ ಸೇರುವ ಜಾಗದ) ಬಳಿ ಮುರಿದವು ಎಷ್ಟು ಎಂದು ಅದೇ ಸ್ವೆಕ್ 1992ರಲ್ಲಿ ಲೆಕ್ಕ ಹಾಕಿದರು. ಬೇರು ತೀರಾ ಎಳೆಯದಾಗಿದ್ದ ಗುಂಪಿನಲ್ಲಿ ಶೇ. 77, ಹೆಚ್ಚು ಬಲಿತಿದ್ದ ಗುಂಪಿನಲ್ಲಿ ಶೇ. 28. ಗೋಡೆ ದಪ್ಪವಾಗಬೇಕು ಎಂಬ ಆಸೆ ಹುಟ್ಟಿದ್ದೇ ಇಂಥ ಅಂಕಿಗಳಿಂದ.

ಕಾಲುವೆಯೊಳಗೆ ರಕ್ತ ಹೆಪ್ಪುಗಟ್ಟಿಸಿ ನೋಡುವ ಪ್ರಯೋಗವನ್ನು ನಾರ್ವೆಯ ನೈಗಾರ್ಡ್-ಓಸ್ಟ್‌ಬಿ 1961ರಲ್ಲೇ ಮಾಡಿದ್ದರು. ಅದು ಚಿಕಿತ್ಸೆಯಾಗಿ ಕೈಗೆ ಬಂದದ್ದು 2001ರಲ್ಲಿ ಜಪಾನಿನ ಇವಾಯಾ ಮತ್ತು ಸಂಗಡಿಗರ ವರದಿ, 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಬರೆದ ಕ್ರಮ ಬಂದ ಮೇಲೆ. ಈಗ ಅಮೆರಿಕದ ಎಂಡೊಡಾಂಟಿಸ್ಟರ (ತಿರುಳು, ಬೇರಿನ ಚಿಕಿತ್ಸೆಯ ದಂತವೈದ್ಯರ) ಸಂಘದ್ದೂ ಯುರೋಪಿನ ಸಂಘದ್ದೂ ಮಾರ್ಗಸೂಚಿಗಳಿವೆ. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎರಡರ ಹಾದಿ ಒಂದೇ: ಕಾಲುವೆಯ ಕ್ರಿಮಿ ಕೊಲ್ಲು, ಆದರೆ ಬೇರಿನ ತುದಿಗೆ ಅಂಟಿಕೊಂಡಿರುವ ಎಳೆಯ ಅಂಗಾಂಶವನ್ನು ಕೊಲ್ಲಬೇಡ. ಅಪಿಕಲ್ ಪ್ಯಾಪಿಲ್ಲಾ ಎನ್ನುವ ಆ ಅಂಗಾಂಶದಲ್ಲಿ ಕಾಂಡಕೋಶಗಳಿವೆ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು). ಸುತ್ತ ಕೀವಿದ್ದರೂ ಅವು ಬಹಳ ಕಾಲ ಬದುಕಿರುತ್ತವೆ. ಅವನ್ನು ನಮ್ಮ ಔಷಧಿಯಿಂದ ನಾವೇ ಸಾಯಿಸದೆ ಕಾಲುವೆಯೊಳಗೆ ಕರೆತರುವುದೇ ಇಡೀ ಕೆಲಸ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ತಾಯಿಗೆ ಹೇಳಬೇಕಾದ್ದನ್ನು ಬಿಡಿಸಿ ಹೇಳುತ್ತೇವೆ. ಕನಿಷ್ಠ ಎರಡು ಸಲ ಕೂರಿಸಬೇಕು, ಆಮೇಲೆ ವರ್ಷಗಟ್ಟಲೆ ತೋರಿಸಿಕೊಳ್ಳಲು ಬರಬೇಕು. ಹಲ್ಲಿನ ಬಣ್ಣ ಕಂದಬಹುದು. ಬೇರು ಬೆಳೆಯದೆಯೂ ಇರಬಹುದು, ಹಾಗಾದರೆ ಎಂಟಿಎ ಬಿರಡೆಯ ದಾರಿ ಇದ್ದೇ ಇದೆ. ಆಂಟಿಬಯಾಟಿಕ್ ಅಲರ್ಜಿ ಇದೆಯೇ ಎಂದು ಕೇಳುವುದು ಇಲ್ಲಿಯೇ. ಮತ್ತೆ ಬರುವ ಖಾತರಿ ಇಲ್ಲದ ಮನೆಯವರಿಗೆ ಈ ಚಿಕಿತ್ಸೆ ಮಾಡದಿರುವುದೇ ಲೇಸು. ಹಲ್ಲಿನ ತಲೆಭಾಗ ಪೂರ್ತಿ ಹೋಗಿ, ಮುಂದೆ ಕಾಲುವೆಯೊಳಗೆ ಪೋಸ್ಟ್ (ಕ್ಯಾಪಿಗೆ ಆಧಾರವಾಗುವ ಕಡ್ಡಿ) ಕೂರಿಸಬೇಕಾದ ಹಲ್ಲಿಗೂ ಇದು ಸಲ್ಲದು. ಪೋಸ್ಟ್ ಹೋಗುವ ಜಾಗದಲ್ಲೇ ಹೊಸ ಅಂಗಾಂಶ ಬೆಳೆಯಬೇಕಲ್ಲ.

ಮೊದಲ ಸಲ ಕೂರಿಸಿದಾಗ ಮಾಮೂಲಿ ಅಡ್ರಿನಲಿನ್ ಇರುವ ಲಿಗ್ನೋಕೇನ್ (ಮರಗಟ್ಟಿಸುವ ಮದ್ದು) ಚುಚ್ಚಬಹುದು. ಜೊಲ್ಲು ತಡೆಯಲು ಹಲ್ಲಿನ ಸುತ್ತ ಎಳೆಯುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಇಲ್ಲದೆ ಮುಂದಕ್ಕೆ ಹೋಗುವಂತಿಲ್ಲ. ಮಗು ಅಳುತ್ತದೆ, ಅದನ್ನು ಹಿಡಿಯುವ ಕ್ಲ್ಯಾಂಪ್ ಕೂರುವುದಿಲ್ಲ ಎಂಬ ನೆಪಗಳೆಲ್ಲ ಕೇಳಿದ್ದೇವೆ. ಕ್ಲ್ಯಾಂಪ್ ಹಿಡಿಯದಿದ್ದರೆ ಪಕ್ಕದ ಎರಡು ಹಲ್ಲನ್ನೂ ಸೇರಿಸಿ ಡ್ಯಾಮ್ ಎಳೆದು, ಸಂದಿಗೆ ರಬ್ಬರ್ ತುಂಡು ಸಿಕ್ಕಿಸಿ ನಿಲ್ಲಿಸಬಹುದು. ಜೊಲ್ಲು ಒಳಗಿಳಿದರೆ ಕ್ರಿಮಿ ಕೊಲ್ಲುವ ಮಾತೇ ಉಳಿಯುವುದಿಲ್ಲ.

ಹಲ್ಲು ತೆರೆದ ಮೇಲೆ ಬೇರಿನ ಉದ್ದ ಅಳೆಯಬೇಕು. ಅಗಲ ತುದಿಯ ಹಲ್ಲಿನಲ್ಲಿ ಅಪೆಕ್ಸ್ ಲೊಕೇಟರ್ (ಬೇರಿನ ಉದ್ದ ಅಳೆಯುವ ಯಂತ್ರ) ಸುಳ್ಳು ಹೇಳುತ್ತದೆ. ದಪ್ಪನೆಯ ಫೈಲ್ (ಕಾಲುವೆಗಿಳಿಸುವ ಸೂಜಿಯಂಥ ಅರ) ಇಟ್ಟು ಎಕ್ಸ್-ರೇ ತೆಗೆದೇ ಅಳೆಯುತ್ತೇವೆ. ಫೈಲ್ ಒಳಗಿಟ್ಟಾಗ ಮಗು ಬೆಚ್ಚಿದರೆ, ಒಳಗೆ ಎಲ್ಲೋ ಜೀವಂತ ಅಂಗಾಂಶ ಉಳಿದಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಅದನ್ನು ದಾಟಬಾರದು. ಗೋಡೆಯನ್ನು ಫೈಲಿನಿಂದ ಉಜ್ಜುವುದಿಲ್ಲ. ಮೊದಲೇ ತೆಳುವಾಗಿರುವ ಡೆಂಟಿನ್ ಅದು, ಉಜ್ಜಿದಷ್ಟೂ ಹಲ್ಲಿಗೆ ನಷ್ಟ. ಆದ್ದರಿಂದ ಕ್ರಿಮಿ ಕೊಲ್ಲುವ ಭಾರವೆಲ್ಲ ದ್ರವದ ಮೇಲೆಯೇ ಬೀಳುತ್ತದೆ.

ದ್ರವ ಎಂದರೆ ಸೋಡಿಯಂ ಹೈಪೊಕ್ಲೋರೈಟ್, ನಮ್ಮ ಬಾಯಲ್ಲಿ ಹೈಪೊ. ಬಲಿತ ಹಲ್ಲಿನ ರೂಟ್ ಕೆನಾಲ್‌ಗೆ ಶೇ. 3ರದ್ದು, ಶೇ. 5ರದ್ದು ಧಾರಾಳವಾಗಿ ಬಳಸುತ್ತೇವೆ. ಇಲ್ಲಿ ಶೇ. 1.5 ಮಾತ್ರ. ಅದಕ್ಕಿಂತ ಖಾರವಾದದ್ದು ಡೆಂಟಿನ್ ಮೇಲ್ಮೈಯನ್ನೇ ಕೋಶಗಳು ಅಂಟಿಕೊಳ್ಳಲಾರದಂತೆ ಕೆಡಿಸುತ್ತದೆ, ತುದಿಯ ಅಂಗಾಂಶವನ್ನೂ ಸುಡುತ್ತದೆ. ಶೇ. 3ರ ಬಾಟಲಿಯಿಂದ ಒಂದು ಪಾಲು, ಡಿಸ್ಟಿಲ್ಡ್ ವಾಟರ್ ಒಂದು ಪಾಲು ಬೆರೆಸಿದರೆ ಬೇಕಾದ್ದು ಸಿಗುತ್ತದೆ. ಆಗಿಂದಾಗ್ಗೆ ಬೆರೆಸಿಕೊಳ್ಳಬೇಕು. ತಿಂಗಳಿನಿಂದ ತೆರೆದಿಟ್ಟ ಬಾಟಲಿಯಲ್ಲಿ ಲೇಬಲ್ ಹೇಳುವಷ್ಟು ಕ್ಲೋರಿನ್ ಇರುವುದಿಲ್ಲ. ಅದನ್ನು ಮತ್ತೆ ತೆಳು ಮಾಡಿದರೆ ನೀರು ಹಾಕಿ ತೊಳೆದ ಹಾಗೆಯೇ.

ಪ್ರಮಾಣ 20 ಮಿ.ಲೀ., ಸಮಯ ಐದು ನಿಮಿಷ. ಅಂದರೆ 5 ಮಿ.ಲೀ. ಸಿರಿಂಜ್ ನಾಲ್ಕು, ಒಂದೊಂದಕ್ಕೆ ಸುಮಾರು ಒಂದೂಕಾಲು ನಿಮಿಷ. ಗಡಿಯಾರ ನೋಡದೆ ಮಾಡಿದರೆ ಎಲ್ಲವೂ ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ, ಇದನ್ನು ಪಿಜಿ ವಿದ್ಯಾರ್ಥಿಗಳ ಕೈಯಲ್ಲಿ ದಿನವೂ ನೋಡುತ್ತೇವೆ. ಸೂಜಿಯ ತುದಿ ಮುಚ್ಚಿ ಪಕ್ಕಕ್ಕೆ ತೂತಿರಬೇಕು. ಅಳೆದ ಉದ್ದಕ್ಕೆ 1 ಮಿ.ಮೀ. ಕಡಿಮೆಗೆ ರಬ್ಬರ್ ಸ್ಟಾಪರ್ ಕೂರಿಸಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಸಿರಿಂಜನ್ನು ಹೆಬ್ಬೆರಳಿನಿಂದ ಒತ್ತುವುದಿಲ್ಲ, ತೋರುಬೆರಳಿನಿಂದ ಒತ್ತುತ್ತೇವೆ. ಹೆಬ್ಬೆರಳಿಗೆ ತನ್ನ ಬಲ ತನಗೇ ತಿಳಿಯುವುದಿಲ್ಲ. ಬಾಯಿ ತೆರೆದ ಬೇರಿನಿಂದ ಹೈಪೊ ಆಚೆ ಚಿಮ್ಮಿದರೆ ಮಗು ಒಮ್ಮೆಲೇ ಚೀರುತ್ತದೆ, ಮೇಲ್ತುಟಿ ನೋಡನೋಡುತ್ತಲೇ ಊದುತ್ತದೆ, ಕಾಲುವೆಯಿಂದ ರಕ್ತ ಬರುತ್ತದೆ. ಹಾಗಾದರೆ ತಕ್ಷಣ ನಿಲ್ಲಿಸಿ, ಸಲೈನಿನಿಂದ ಮೆಲ್ಲಗೆ ತೊಳೆದು, ಹೊರಗಿನಿಂದ ಐಸ್ ಇಟ್ಟು, ನೋವಿನ ಔಷಧಿ ಕೊಟ್ಟು, ಮನೆಯವರಿಗೆ ಮುಚ್ಚಿಡದೆ ಹೇಳಬೇಕು. ಮಾರನೆಯ ದಿನ ಮುಖ ನೀಲಿಗಟ್ಟಿ ಕಾಣುತ್ತದೆ ಎಂಬುದನ್ನೂ ಮೊದಲೇ ಹೇಳಿದ್ದರೆ ಅರ್ಧ ಗಾಬರಿ ತಪ್ಪುತ್ತದೆ.

ಹೈಪೊ ಮುಗಿದ ಮೇಲೆ ಸಲೈನ್ ಅಥವಾ ಶೇ. 17ರ ಇಡಿಟಿಎ (ಖನಿಜ ಕರಗಿಸುವ ರಾಸಾಯನಿಕ), ಅದೂ 20 ಮಿ.ಲೀ., ಐದು ನಿಮಿಷ. ಇಡಿಟಿಎ ದ್ರವವೇ ಆಗಬೇಕು, ಟ್ಯೂಬಿನಲ್ಲಿ ಬರುವ ಜೆಲ್ ಅಲ್ಲ. ತೇವ ಹೀರುವ ದಪ್ಪ ಪೇಪರ್ ಪಾಯಿಂಟ್‌ಗಳನ್ನು ಹಿಂದುಮುಂದು ಮಾಡಿ, ಅಗಲದ ಕಡೆ ಒಳಗೆ ಹೋಗುವಂತೆ ಇಟ್ಟು ಒಣಗಿಸುತ್ತೇವೆ.

ಈಗ ಒಳಗೆ ಇಡುವ ಔಷಧಿ. ಹೆಚ್ಚು ಹಲ್ಲುಗಳು ಹಾಳಾಗುವ ಹಂತವೂ ಇದೇ. ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಾಸಿನ್, ಮಿನೊಸೈಕ್ಲಿನ್ ಮೂರನ್ನೂ ಅರೆದು ಮಾಡುವ ಪೇಸ್ಟ್ ಜಪಾನಿನ ಹೊಶಿನೊ ತಂಡದ ಕೊಡುಗೆ. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು, ಕಲ್ಲಿನಲ್ಲಿ ಅರೆದು, ಸಲೈನಿಗೆ ಕಲಸಿ ಗಟ್ಟಿ ಪೇಸ್ಟ್ ಮಾಡಿ ತುಂಬುವುದು ಎಲ್ಲೆಡೆ ರೂಢಿ. ಕ್ರಿಮಿ ಸಾಯುತ್ತದೆ, ಸಂಶಯವಿಲ್ಲ. ಆದರೆ ಆ ಗಟ್ಟಿ ಪೇಸ್ಟಿನಲ್ಲಿ ಮಿಲಿಲೀಟರಿಗೆ ಸುಮಾರು 1000 ಮಿ.ಗ್ರಾಂ. ಔಷಧಿ ಇರುತ್ತದೆ. ಈಗಿನ ಮಾರ್ಗಸೂಚಿ ಹೇಳುವುದು 1ರಿಂದ 5 ಮಿ.ಗ್ರಾಂ. ಗಟ್ಟಿ ಪೇಸ್ಟಿನಲ್ಲಿ ಕಾಂಡಕೋಶಗಳು ಉಳಿಯುವುದಿಲ್ಲ, ಇದು ಲ್ಯಾಬಿನಲ್ಲಿ ಖಚಿತವಾಗಿರುವ ಸಂಗತಿ. 1 ಮಿ.ಗ್ರಾಂ.ನ ಮಿಶ್ರಣವೋ ನೀರಿನಷ್ಟೇ ತೆಳು, ಕಾಲುವೆಯಲ್ಲಿ ನಿಲ್ಲುವುದಿಲ್ಲ. ಮೀಥೈಲ್ ಸೆಲ್ಯುಲೋಸ್‌ನಂಥದ್ದನ್ನು ಬೆರೆಸಿ ಜೆಲ್ ಮಾಡಿಸಿಕೊಳ್ಳಬೇಕು, ತೂಕದ ಯಂತ್ರ ಬೇಕು, ಮಾತ್ರೆಯ ತೂಕದಲ್ಲಿ ಔಷಧಿಯಲ್ಲದ ಪುಡಿ ಎಷ್ಟು ಎಂಬ ಲೆಕ್ಕವೂ ಬೇಕು. ಸಾಲದ್ದಕ್ಕೆ ಮಿನೊಸೈಕ್ಲಿನ್ ಡೆಂಟಿನ್‌ನ ಕ್ಯಾಲ್ಸಿಯಂ ಜೊತೆ ಕೂಡಿ ಹಲ್ಲನ್ನು ಬೂದು ಹಸಿರಿಗೆ ತಿರುಗಿಸುತ್ತದೆ. ಮುಂದಿನ ಹಲ್ಲಿಗೆ ಈ ಶಿಕ್ಷೆ ಯಾಕೆ? ಮಿನೊಸೈಕ್ಲಿನ್ ಬಿಟ್ಟು ಉಳಿದೆರಡನ್ನು ಮಾತ್ರ ಬಳಸುವವರಿದ್ದಾರೆ.

ನಾವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪಕ್ಷದವರು. ಪುಡಿಯನ್ನು ಸಲೈನಿಗೆ ಕಲಸಿ, ಕಾಲುವೆಯ ಮೇಲರ್ಧಕ್ಕೆ (ಹಲ್ಲಿನ ತಲೆಯ ಕಡೆಯ ಅರ್ಧಕ್ಕೆ) ನಿಲ್ಲುವಂತೆ ಹಾಕುತ್ತೇವೆ. ತುದಿಯವರೆಗೆ ತಳ್ಳಿದರೆ ಅದರ ಕ್ಷಾರ ಅಲ್ಲಿನ ಅಂಗಾಂಶವನ್ನು ಸುಡುತ್ತದೆ. ಮೇಲರ್ಧಕ್ಕೆ ಸೀಮಿತವಾಗಿದ್ದ ಹಲ್ಲುಗಳಲ್ಲಿ ಗೋಡೆ ಹೆಚ್ಚು ದಪ್ಪವಾಯಿತು ಎಂದು 2009ರ ಎಕ್ಸ್-ರೇ ಅಧ್ಯಯನವೊಂದು ತೋರಿಸಿದ ಮೇಲೆ ಈ ಜಾಗ್ರತೆ. ಕೆಲವು ವಾರಕ್ಕೆ ಇದರಿಂದ ಡೆಂಟಿನ್‌ಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಹಲ್ಲು ಪೆಳಸಾಗುತ್ತದೆ.

ಮೇಲೆ ಮುಚ್ಚುವ ತಾತ್ಕಾಲಿಕ ಸಿಮೆಂಟ್ 3-4 ಮಿ.ಮೀ. ದಪ್ಪ ಇರಲೇಬೇಕು. ಕೆಳಗೆ ದೊಡ್ಡ ಹತ್ತಿಯುಂಡೆ ತುರುಕಿ ಮೇಲೆ ತೆಳ್ಳಗೆ ಸಿಮೆಂಟ್ ಬಳಿದರೆ ವಾರದೊಳಗೆ ಸೋರುತ್ತದೆ. ಹತ್ತಿಯ ಒಂದೆಳೆ ಅಂಚಿನಲ್ಲಿ ಸಿಕ್ಕಿಕೊಂಡರೂ ಜೊಲ್ಲು ಅದರ ಗುಂಟ ಒಳಗಿಳಿಯುತ್ತದೆ. ಮುಂದಿನ ಸಲ ಬಂದಾಗ ಸಿಮೆಂಟ್ ಬಿದ್ದುಹೋಗಿದ್ದರೆ ಯೋಚಿಸುವುದೇನಿಲ್ಲ, ಮೊದಲ ಸಲದ ಕೆಲಸವನ್ನೇ ಆರಂಭದಿಂದ ಮಾಡಬೇಕು.

ಎರಡನೆಯ ಸಲಕ್ಕೆ ಒಂದರಿಂದ ನಾಲ್ಕು ವಾರದ ನಡುವೆ ಕರೆಸುತ್ತೇವೆ. ಹುಡುಗನ ತುಟಿ ಎತ್ತಿ ನೋಡಿದರೆ ಗುಳ್ಳೆಯ ಜಾಗದಲ್ಲಿ ಬರೀ ಚುಕ್ಕೆ, ಒತ್ತಿದರೆ ಏನೂ ಬರುತ್ತಿಲ್ಲ, ಕುಟ್ಟಿದರೆ ನೋವಿಲ್ಲ. ಹೀಗಿದ್ದರೆ ಮಾತ್ರ ಮುಂದಕ್ಕೆ. ಗುಳ್ಳೆ ಇನ್ನೂ ಇದ್ದರೆ, ಪೇಪರ್ ಪಾಯಿಂಟಿನಲ್ಲಿ ಕೀವು ಅಂಟಿದರೆ, ತೊಳೆದು ಔಷಧಿ ಬದಲಿಸಿ ಮತ್ತೆ ಮುಚ್ಚಬೇಕು. ಕ್ರಿಮಿ ಉಳಿದಿರುವ ಕಾಲುವೆಗೆ ರಕ್ತ ತುಂಬಿಸುವುದೆಂದರೆ ಅವಕ್ಕೆ ಊಟ ಬಡಿಸುವುದು.

ಈ ಸಲ ಚುಚ್ಚುವ ಮದ್ದಿನಲ್ಲಿ ಅಡ್ರಿನಲಿನ್ ಇರಬಾರದು. ಪುಸ್ತಕಗಳು ಶೇ. 3ರ ಮೆಪಿವಕೇನ್ ಎನ್ನುತ್ತವೆ. ಅದು ಸಿಗದ ಕಡೆ ಅಡ್ರಿನಲಿನ್ ಇಲ್ಲದ ಸಾದಾ ಲಿಗ್ನೋಕೇನ್ ಆಗುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಮುದುಡಿಸುತ್ತದೆ, ನಮಗೆ ಬೇಕಾದ್ದು ರಕ್ತ. ಟ್ರೇ ಜೋಡಿಸುವವರು ಅಭ್ಯಾಸಬಲದಿಂದ ಮಾಮೂಲಿ ಬಾಟಲಿಯಿಂದಲೇ ಸಿರಿಂಜ್ ತುಂಬಿಬಿಡುತ್ತಾರೆ. ಆಮೇಲೆ ರಕ್ತ ಬರಲಿಲ್ಲವೆಂದು ಎಲ್ಲರೂ ಕಾಲುವೆಯೊಳಗೆ ಕಾರಣ ಹುಡುಕುತ್ತ ಕೂರುತ್ತಾರೆ.

ಇಂದು ಹೈಪೊ ಮುಟ್ಟುವುದಿಲ್ಲ. ಔಷಧಿಯನ್ನು ತೊಳೆದು ತೆಗೆಯಲು ಶೇ. 17ರ ಇಡಿಟಿಎ ದ್ರವ 20 ಮಿ.ಲೀ. ಅದನ್ನು ಕೊನೆಯಲ್ಲಿ ಬಳಸುವುದಕ್ಕೆ ಕಾರಣವಿದೆ. ಡೆಂಟಿನ್ ರೂಪುಗೊಳ್ಳುವಾಗ ಟಿಜಿಎಫ್-ಬೀಟಾದಂಥ ಬೆಳವಣಿಗೆಯ ಪ್ರೋಟೀನುಗಳು ಅದರೊಳಗೇ ಸೇರಿಹೋಗಿರುತ್ತವೆ. ಇಡಿಟಿಎ ಖನಿಜದ ಮೇಲ್ಪದರ ಕರಗಿಸಿದಾಗ ಅವು ಹೊರಬರುತ್ತವೆ, ಕೋಶಗಳನ್ನು ಗೋಡೆಯ ಕಡೆಗೆ ಎಳೆಯುತ್ತವೆ. ಇಡಿಟಿಎ ಆದ ಮೇಲೆ "ಇನ್ನೊಂದು ಸಲ ತೊಳೆದುಬಿಡೋಣ" ಎಂದು ಹೈಪೊ ಹಾಕಿದರೆ ಈ ಲಾಭವೆಲ್ಲ ಹೋಯಿತು. ಪೇಪರ್ ಪಾಯಿಂಟಿನಿಂದ ಒಣಗಿಸುತ್ತೇವೆ, ಗಾಳಿ ಊದುವುದಿಲ್ಲ.

25ನೇ ಸೈಜಿನ ಕೆ-ಫೈಲಿನ ತುದಿಯನ್ನು ಸ್ವಲ್ಪ ಬಾಗಿಸಿಕೊಂಡು, ಬೇರಿನ ತುದಿ ದಾಟಿ 2 ಮಿ.ಮೀ. ಆಚೆಗೆ ಇಳಿಸಿ ತಿರುಗಿಸುತ್ತೇವೆ. ಮದ್ದು ಹಿಡಿದಿದ್ದರೂ ಮಗುವಿಗೆ ಚುಳ್ ಎನ್ನುತ್ತದೆ. "ಪುಟ್ಟಾ, ಒಂದು ಸಲ ಇರುವೆ ಕಚ್ಚಿದ ಹಾಗಾಗುತ್ತೆ, ಕೈ ಎತ್ತಬೇಡ" ಎಂದು ಮೊದಲೇ ಹೇಳಿರುತ್ತೇವೆ. ರಕ್ತ ಮೊದಲು ಫೈಲಿನ ಗುಂಟ ಗೆರೆಯಾಗಿ ಏರುತ್ತದೆ. ಫೈಲ್ ತೆಗೆದ ಮೇಲೆ ಕಾಲುವೆಯ ತಳದಲ್ಲಿ ಕೆಂಪು ಮಿನುಗುತ್ತದೆ, ಮೆಲ್ಲಗೆ ಮೇಲಕ್ಕೆ ಬರುತ್ತದೆ. ಲೂಪ್ಸ್ ಅಥವಾ ಮೈಕ್ರೋಸ್ಕೋಪಿನಲ್ಲಿ ಅದರ ಮಟ್ಟ ನಾಡಿಯ ಜೊತೆ ಸಣ್ಣಗೆ ಏರಿಳಿಯುವುದೂ ಕಾಣಿಸುತ್ತದೆ. ಈ ರಕ್ತ ಬರೀ ರಕ್ತವಲ್ಲ. ತುದಿಯ ಅಂಗಾಂಶ ಹರಿದು ಬಂದದ್ದರಿಂದ ಅದರಲ್ಲಿ ಕಾಂಡಕೋಶಗಳು ಕೈಯ ರಕ್ತನಾಳದ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚಿರುತ್ತವೆ ಎಂದು 2011ರಲ್ಲಿ ಅಮೆರಿಕದ ಟೆಕ್ಸಾಸ್ ತಂಡ ತೋರಿಸಿತು.

ರಕ್ತ ಹಲ್ಲಿನ ಕುತ್ತಿಗೆಯ ಮಟ್ಟಕ್ಕೆ ಬಂದಾಗ ಸಲೈನಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮೇಲಿಟ್ಟು ಕಾಯುತ್ತೇವೆ. ಹೆಪ್ಪುಗಟ್ಟಲು ಹದಿನೈದು ನಿಮಿಷ ಬಿಡಬೇಕು. ಮಗುವಿಗೆ ಬೇಸರ, ನಮಗೆ ಹೊರಗಿನ ಸಾಲಿನ ಚಿಂತೆ. ಐದೇ ನಿಮಿಷಕ್ಕೆ ಮುಚ್ಚುವ ಸಿಮೆಂಟ್ ಹಾಕಿದರೆ ಅದು ಹಸಿ ರಕ್ತದಲ್ಲಿ ಮುಳುಗಿ ಕಾಲುವೆಯ ನಡುವಿಗೆ ಇಳಿದುಬಿಡುತ್ತದೆ. ಮತ್ತೆ ಮೇಲೆತ್ತಲು ಬರುವುದಿಲ್ಲ. ಸಿಮೆಂಟ್ ಇರುವ ಜಾಗದಲ್ಲಿ ಗೋಡೆ ದಪ್ಪವಾಗುವುದೂ ಇಲ್ಲ.

ರಕ್ತವೇ ಬರದಿದ್ದರೆ? ಅಡ್ರಿನಲಿನ್ ಅಲ್ಲವೆಂದು ಖಚಿತವಾದ ಮೇಲೆ ಐದು ನಿಮಿಷ ಕಾದು, ಫೈಲನ್ನು ಬೇರೆ ದಿಕ್ಕಿಗೆ ಬಾಗಿಸಿ ಮತ್ತೆ ನೋಡುತ್ತೇವೆ. ಹಳೆಯ ಸೋಂಕಿನಲ್ಲಿ ತುದಿಯ ಅಂಗಾಂಶ ಪೂರ್ತಿ ಹೋಗಿದ್ದರೆ ರಕ್ತ ಕಾಲುವೆಯ ಅರ್ಧಕ್ಕೂ ಏರದೆ ನಿಲ್ಲುವುದುಂಟು. ಆಗ ಪಿಆರ್‌ಎಫ್ (ರೋಗಿಯದೇ ರಕ್ತದಿಂದ ಮಾಡುವ, ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಹೆಪ್ಪು) ನೆರವಿಗೆ ಬರುತ್ತದೆ. ಫ್ರಾನ್ಸಿನ ಶುಕ್ರೂನ್ 2001ರಲ್ಲಿ ರೂಪಿಸಿದ ಕ್ರಮ ಅದು. ಮಗುವಿನ ಕೈಯಿಂದ 10 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮಾಡುವ ಯಾವ ರಾಸಾಯನಿಕವೂ ಇಲ್ಲದ ಟ್ಯೂಬಿನಲ್ಲಿ, ನಿಮಿಷಕ್ಕೆ 3000 ಸುತ್ತಿನಂತೆ ಹತ್ತು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ನಡುವೆ ಹಳದಿ ಫೈಬ್ರಿನ್ ಹೆಪ್ಪು ಸಿಗುತ್ತದೆ. ರಕ್ತ ತೆಗೆದದ್ದಕ್ಕೂ ತಿರುಗಿಸುವುದಕ್ಕೂ ನಡುವೆ ತಡವಾದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಎಲ್ಲವೂ ವ್ಯರ್ಥ. ಸೆಂಟ್ರಿಫ್ಯೂಜ್ ಪಕ್ಕದ ಕಟ್ಟಡದಲ್ಲಿದ್ದರೆ ಆಸೆ ಬಿಡಬೇಕು. ಒಂಬತ್ತು ವರ್ಷದ ಮಗುವಿನ ಕೈಗೆ ಸೂಜಿ ಚುಚ್ಚುವುದು ಹಲ್ಲಿಗೆ ಚುಚ್ಚುವುದಕ್ಕಿಂತ ದೊಡ್ಡ ರಂಪ. ಆದ್ದರಿಂದ ಮೊದಲ ಆಯ್ಕೆ ಯಾವಾಗಲೂ ಹಲ್ಲಿನದೇ ರಕ್ತ.

ಹೆಪ್ಪಿನ ಮೇಲೆ ಕಾಲಜನ್ ಸ್ಪಂಜಿನ ಸಣ್ಣ ತುಂಡು ಇಟ್ಟರೆ ಮುಚ್ಚುವ ಸಿಮೆಂಟಿಗೆ ನೆಲೆ ಸಿಗುತ್ತದೆ. ಸಿಮೆಂಟ್ ಯಾವುದು ಎಂಬ ವಿಷಯದಲ್ಲಿ ಮುಂದಿನ ಹಲ್ಲಿಗೆ ನಾವು ಎಂಟಿಎ ಬಿಟ್ಟೇ ಬಿಟ್ಟಿದ್ದೇವೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ತೋರಾಬಿನೆಜಾದ್ ರೂಪಿಸಿದ ಎಂಟಿಎ ಒಳ್ಳೆಯ ವಸ್ತು. ಆದರೆ ಎಕ್ಸ್-ರೇಯಲ್ಲಿ ಕಾಣಲೆಂದು ಅದಕ್ಕೆ ಸೇರಿಸಿರುವ ಬಿಸ್ಮತ್ ಆಕ್ಸೈಡ್ ಕಪ್ಪಾಗುತ್ತದೆ, ರಕ್ತ ತಾಗಿದರಂತೂ ಇನ್ನೂ ಬೇಗ. ಬಿಳಿ ಎಂಟಿಎ ಎಂದು ಮಾರುವುದೂ ಇದಕ್ಕೆ ಹೊರತಲ್ಲ. ಒದ್ದೆ ಮರಳಿನಂತೆ ಕೈಗೆ ನಿಲ್ಲದ ಅದು ಗಟ್ಟಿಯಾಗಲು ಎರಡು ಗಂಟೆಗೂ ಹೆಚ್ಚು ಬೇಕು. ಬಯೋಡೆಂಟಿನ್‌ನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ. ಕ್ಯಾಪ್ಸೂಲಿನ ಪುಡಿಗೆ ಐದು ಹನಿ ದ್ರವ, ಅಮಾಲ್ಗಮೇಟರಿನಲ್ಲಿ 30 ಸೆಕೆಂಡು, ಗಟ್ಟಿಯಾಗಲು ಸುಮಾರು ಹನ್ನೆರಡು ನಿಮಿಷ. ಆರನೇ ಹನಿ ಬಿದ್ದರೆ ಗಟ್ಟಿಯಾಗುವುದು ತಡವಾಗುತ್ತದೆ. ಸುಮಾರು 3 ಮಿ.ಮೀ. ದಪ್ಪಕ್ಕೆ, ಒತ್ತದೆ, ಅಂಚಿನಿಂದ ನಡುವಿಗೆ ತುಂಬುತ್ತ ಬರಬೇಕು. ಅದರ ಮೇಲೆ ಗ್ಲಾಸ್ ಅಯೊನೊಮರ್ ಸಿಮೆಂಟ್, ಕೊನೆಗೆ ಕಾಂಪೋಸಿಟ್. ಎಕ್ಸ್-ರೇ ತೆಗೆದು ಸಿಮೆಂಟ್ ಎಲ್ಲಿ ನಿಂತಿದೆ ಎಂದು ನೋಡಿಯೇ ಮಗುವನ್ನು ಕಳಿಸುವುದು. ಒಂದೆರಡು ದಿನ ಸಣ್ಣ ನೋವಿರಬಹುದು, ಪ್ಯಾರಾಸಿಟಮಾಲ್ ಸಾಕು. ಆಂಟಿಬಯಾಟಿಕ್ ಮಾತ್ರೆ ಬರೆಯುವ ಅಗತ್ಯವಿಲ್ಲ.

ಆರು ತಿಂಗಳು, ಒಂದು ವರ್ಷ, ಎರಡು ವರ್ಷ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ. ಮೊದಲು ಮಾಯವಾಗುವುದು ಮೂಳೆಯ ಕಪ್ಪು ನೆರಳು, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ. ಗೋಡೆ ದಪ್ಪವಾಗುವುದು ಒಂದರಿಂದ ಎರಡು ವರ್ಷದ ನಡುವೆ ಕಾಣುತ್ತದೆ. ಬೇರು ಉದ್ದವಾಯಿತು ಎಂದು ಖುಷಿಪಡುವ ಮುಂಚೆ ಎರಡು ಎಕ್ಸ್-ರೇಗಳ ಕೋನ ಒಂದೇ ಇದೆಯೇ ನೋಡಬೇಕು. ಟ್ಯೂಬ್ ಸ್ವಲ್ಪ ವಾಲಿದರೂ ಒಂದೆರಡು ಮಿ.ಮೀ. 'ಬೆಳವಣಿಗೆ' ಸುಮ್ಮನೆ ಸಿಗುತ್ತದೆ. ಪ್ರತಿಸಲವೂ ಹೋಲ್ಡರ್ ಇಟ್ಟೇ ತೆಗೆಯಬೇಕು, ಪಕ್ಕದ ಹಲ್ಲಿನ ಉದ್ದವನ್ನೂ ಅಳೆದು ತಾಳೆ ನೋಡಬೇಕು. ಈ ಹುಡುಗನ ಹಲ್ಲಿನಲ್ಲಿ ವರ್ಷದ ಹೊತ್ತಿಗೆ ನೆರಳು ಹೋಗಿ, ತುದಿ ಕಿರಿದಾಗಿ, ಬೇರಿನ ತುದಿಯ ಕಡೆಯ ಮೂರನೇ ಒಂದು ಭಾಗದಲ್ಲಿ ಗೋಡೆ ದಪ್ಪವಾಗಿತ್ತು. ಉದ್ದ ಹೆಚ್ಚು ಬದಲಾಗಿರಲಿಲ್ಲ. ತಣ್ಣನೆಯ ಸ್ಪ್ರೇಗೆ ಉತ್ತರ ಇರಲಿಲ್ಲ. ಇದು ಸೋಲಲ್ಲ. ನೋವು ಹೋಗಿ ಮೂಳೆ ತುಂಬುವುದು ಮೊದಲ ಗುರಿ, ಬೇರು ಬೆಳೆಯುವುದು ಎರಡನೆಯದು, ಸ್ಪ್ರೇಗೆ ಉತ್ತರ ಬರುವುದು ಮೂರನೆಯದು. ಮೂರನೆಯದನ್ನು ಮುಟ್ಟುವ ಹಲ್ಲುಗಳು ಕೆಲವೇ.

ಮುರಿಯುವ ಭಯ ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಏಟು ಬಿದ್ದರೆ ಹಲ್ಲು ಮುರಿಯುವುದು ಕುತ್ತಿಗೆಯ ಬಳಿ. ನಮ್ಮ ಸಿಮೆಂಟ್ ಕೂತಿರುವುದೂ ಅಲ್ಲಿಯೇ, ಆದ್ದರಿಂದ ಆ ಜಾಗದಲ್ಲಿ ಗೋಡೆ ದಪ್ಪವಾಗುವುದಿಲ್ಲ. ಆಟಕ್ಕಿಳಿಯುವ ಮಕ್ಕಳಿಗೆ ಮೌತ್‌ಗಾರ್ಡ್ ಮಾಡಿಸಿ ಎನ್ನುತ್ತೇವೆ.

ಒಳಗೆ ಬೆಳೆದದ್ದು ಏನು? ಮುಂದೆ ಬೇರೆ ಕಾರಣಕ್ಕೆ ಕಿತ್ತ ಇಂಥ ಹಲ್ಲುಗಳನ್ನು ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದವರು ಕಂಡದ್ದು ಬಹುಪಾಲು ಬೇರಿನ ಹೊರಪದರವಾದ ಸಿಮೆಂಟಮ್‌ನಂಥ, ಮೂಳೆಯಂಥ, ಹಲ್ಲಿನ ಸುತ್ತಣ ನಾರಿನಂಥ ಅಂಗಾಂಶ. ಡೆಂಟಿನ್ ಕಟ್ಟುವ ಕೋಶಗಳ ಸಾಲು ಅಪರೂಪ, ಅದೂ ಹಳೆಯ ತಿರುಳು ಸ್ವಲ್ಪ ಉಳಿದಿದ್ದ ಹಲ್ಲುಗಳಲ್ಲಿ. ಕೆಲವು ಹಲ್ಲುಗಳಲ್ಲಿ ವರ್ಷಗಳ ಮೇಲೆ ಕಾಲುವೆಯೇ ಖನಿಜ ತುಂಬಿ ಮುಚ್ಚಿಹೋಗುತ್ತದೆ. ಸೋಂಕು ಮರಳಿದರೆ ಆಗ ದಾರಿ ತೆಗೆಯುವುದು ಕಷ್ಟ. ಮರಳುವ ಸೋಂಕಿಗೆ ಸಾಮಾನ್ಯ ಕಾರಣ ಮೊದಲ ಸಲದ ಅವಸರವೇ. ಕೆಲವೊಮ್ಮೆ ಅದು ಎರಡು ಮೂರು ವರ್ಷ ಸುಮ್ಮನಿದ್ದು ಆಮೇಲೆ ತಲೆಯೆತ್ತುತ್ತದೆ.

ನಿಜವಾದ ತಿರುಳನ್ನೇ ಬೆಳೆಸುವ ಪ್ರಯತ್ನ ನಡೆದಿದೆ. ಜಪಾನಿನಲ್ಲಿ ನಕಾಶಿಮಾ ತಂಡ ರೋಗಿಯದೇ ಬೇರೆ ಹಲ್ಲಿನ ತಿರುಳಿನ ಕಾಂಡಕೋಶಗಳನ್ನು ಬೆಳೆಸಿ ಐವರ ಹಲ್ಲಿಗೆ ಸೇರಿಸಿದ ಫಲಿತಾಂಶ 2017ರಲ್ಲಿ ಪ್ರಕಟಿಸಿತು. 2018ರಲ್ಲಿ ಚೀನಾದ ತಂಡವೊಂದು ಏಟು ಬಿದ್ದು ಸತ್ತ ಎಳೆಯ ಬಾಚಿಹಲ್ಲುಗಳಿಗೆ ಅದೇ ಮಗುವಿನ ಹಾಲುಹಲ್ಲಿನ ಕೋಶಗಳನ್ನು ಹಾಕಿ, ರಕ್ತನಾಳವೂ ಸಂವೇದನೆಯೂ ಮರಳಿದ್ದನ್ನು ವರದಿ ಮಾಡಿತು. ಅದಕ್ಕೆ ಬೇಕಾದ ಕೋಶ ಬೆಳೆಸುವ ಸ್ವಚ್ಛ ಕೋಣೆ, ಖರ್ಚು, ಪರವಾನಗಿ ಯಾವುದೂ ಹಲ್ಲಿನ ಕ್ಲಿನಿಕ್ಕಿನ ಅಳತೆಯದಲ್ಲ. ಈ ಸುದ್ದಿ ಓದಿದ ತಂದೆತಾಯಿ "ಹಾಲುಹಲ್ಲು ಬ್ಯಾಂಕಲ್ಲಿ ಇಡಿಸ್ಲಾ ಡಾಕ್ಟ್ರೇ?" ಎಂದು ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಕಾಂಡಕೋಶ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತ ಒಂದನ್ನು ಬಿಟ್ಟು ಬೇರಾವುದನ್ನೂ ವ್ಯಾಪಾರಕ್ಕಾಗಿ ಬ್ಯಾಂಕಿನಲ್ಲಿ ಇಡುವುದನ್ನು ಒಪ್ಪುವುದಿಲ್ಲ, ಹಲ್ಲೂ ಅದರಲ್ಲಿ ಸೇರಿದೆ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮೌತ್‌ಗಾರ್ಡ್ ಮಾಡಿಸಿ, ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ ಎನ್ನುತ್ತೇವೆ. ಬಿದ್ದ ದಿನವೇ ಕರೆತಂದರೆ, ಹಲ್ಲಿಗೆ ಬೇಕಾಗುವುದು ಹೆಚ್ಚಿನ ಸಲ ತಿರುಳಿನ ಮೇಲೊಂದು ತೆಳು ಮುಚ್ಚಳ ಮಾತ್ರ.